ಇಟ್ಟಿಗೆಯನ್ನಿಡುವ ಯಂತ್ರಬಾಹು

ಯಂತ್ರವೇ ಗೋಡೆ ಕಟ್ಟಿದರೆ ವಿದ್ಯಾರ್ಥಿಯು ಕಲಿಯುವುದೇನೆಂದು ತಂದೆತಾಯಿಗಳು ಕೇಳಬಹುದು. ಸ್ವಿಟ್ಜರ್ಲೆಂಡಿನ ಜೂರಿಚ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗ್ರಮಾಜಿಯೊ, ಕೋಲರ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು 2005ರಲ್ಲಿ ಪ್ರಯೋಗಶಾಲೆಯೊಂದನ್ನು ಸ್ಥಾಪಿಸಿ, ಇಟ್ಟಿಗೆಯನ್ನಿಡುವ ಕೆಲಸವನ್ನು ರೋಬಟ್ ಎಂಬ ಯಂತ್ರಬಾಹುವಿಗೆ ವಹಿಸಿದರು. ಮರುವರ್ಷವೇ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅದರಿಂದ ಗೋಡೆಗಳನ್ನು ಕಟ್ಟಿಸಿದರು.

ಆ ಬಾಹುವು ನೂಲನ್ನಾಗಲಿ ತೂಗುಗುಂಡನ್ನಾಗಲಿ ಬೇಡದು. ಪ್ರತಿಯೊಂದು ಇಟ್ಟಿಗೆಯ ಸ್ಥಾನವನ್ನೂ ಅದು ತಿರುಗಬೇಕಾದ ಕೋನವನ್ನೂ ನಿರ್ಣಯಿಸುವ ಸೂತ್ರವನ್ನು ವಿದ್ಯಾರ್ಥಿಯೇ ಮುಂಚಿತವಾಗಿ ಗಣಕಯಂತ್ರಕ್ಕೆ ಬರೆದುಕೊಡಬೇಕು. ಸೂತ್ರವು ತಪ್ಪಾದರೆ, “ಇದು ನಿಲ್ಲದು, ಅಮ್ಮಾ” ಎಂದು ಎಚ್ಚರಿಸುವ ಮೇಸ್ತ್ರಿಯು ಅಲ್ಲಿಲ್ಲ. ಯಂತ್ರವು ಆ ತಪ್ಪನ್ನೇ ನಿಷ್ಠೆಯಿಂದ ಕಟ್ಟುವುದು. ಕೈಯ ಶ್ರಮವು ತಗ್ಗಿದಷ್ಟೂ ಯೋಚನೆಯ ಶ್ರಮವು ಹೆಚ್ಚಿತೆಂದೇ ನನ್ನ ಎಣಿಕೆ.

ಅದೇ 2006ರಲ್ಲಿ ಫ್ಲೆಶ್ ಗ್ರಾಮದ ಗಾಂಟೆನ್‌ಬೈನ್ ದ್ರಾಕ್ಷಾರಸದ ಕಾರ್ಖಾನೆಗಾಗಿ 72 ಗೋಡೆಯ ಭಾಗಗಳನ್ನು ಪ್ರಯೋಗಶಾಲೆಯಲ್ಲಿಯೇ ಸಿದ್ಧಪಡಿಸಿ, ಲಾರಿಗಳಲ್ಲಿ ಸಾಗಿಸಿದರು. ಸುಮಾರು 20,000 ಇಟ್ಟಿಗೆಗಳು; ಅಂಟು ಹಚ್ಚಿದ್ದೂ ಯಂತ್ರವೇ. ಇಟ್ಟಿಗೆಗಳು ಬೇರೆ ಬೇರೆ ಕೋನಗಳಿಗೆ ತಿರುಗಿರುವುದರಿಂದ, ದೂರದಿಂದ ನೋಡುವವರಿಗೆ ಆ ಚಪ್ಪಟೆ ಗೋಡೆಯಲ್ಲಿ ದ್ರಾಕ್ಷಿಯ ರಾಶಿಯೇ ಉಬ್ಬಿದಂತೆ ಕಾಣುವುದು. ಸಂದುಗಳಿಂದ ಸೋಸಿದ ಬೆಳಕು ರಸವು ಹುಳಿಯುವ ಕೋಣೆಯೊಳಗೆ ಮೆಲ್ಲನೆ ಇಳಿಯುವುದು.