ವ್ರತವೂ ಮಾಯಾಶಲ್ಯವೂ



ವ್ರತವನ್ನು ಸ್ವೀಕರಿಸಿದ ಮಾತ್ರಕ್ಕೆ ಒಬ್ಬನನ್ನು ವ್ರತಿಯೆನ್ನಲು ಉಮಾಸ್ವಾಮಿ ಆಚಾರ್ಯರು ಒಪ್ಪಲಿಲ್ಲ. ಅವನು ಶಲ್ಯರಹಿತನೂ ಆಗಿರಬೇಕೆಂಬುದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅವರು ಇಟ್ಟ ನಿಬಂಧನೆ. ಶಲ್ಯವೆಂದರೆ ಮೈಯೊಳಗೆ ಮುರಿದು ನಿಂತ ಮುಳ್ಳು. ಅದು ಮಾಯೆ, ಮಿಥ್ಯಾತ್ವ, ನಿದಾನ ಎಂದು ಮೂರು ವಿಧ. ನುಡಿಯೊಂದು ನಡೆಯೊಂದಾಗುವ ಮಾಯಾಶಲ್ಯವೇ ಇಲ್ಲಿನ ವಿಚಾರ.

ಅಚೌರ್ಯಾಣುವ್ರತವನ್ನು ತೆಗೆದುಕೊಳ್ಳೋಣ. ಕನ್ನ ಕೊರೆದ ಶ್ರಾವಕನನ್ನು ನಾನಂತೂ ಕಂಡಿಲ್ಲ. ಆದರೆ ಈ ವ್ರತದ ಐದು ಅತಿಚಾರಗಳನ್ನು ನೋಡಿರಿ: ಕಳ್ಳನನ್ನು ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರುವುದು, ಕೊಳ್ಳಲು ಹಿರಿದು ಮಾರಲು ಕಿರಿದು ಅಳತೆಯನ್ನಿಡುವುದು, ಕಲಬೆರಕೆ. ಸೂತ್ರಕಾರರಿಗೆ ಅಂಗಡಿಬೀದಿಯ ಪರಿಚಯ ಚೆನ್ನಾಗಿಯೇ ಇದ್ದಂತಿದೆ! ಅಷ್ಟಮಿ, ಚತುರ್ದಶಿಗಳ ಉಪವಾಸವನ್ನು ತಪ್ಪಿಸದವರೂ ತಕ್ಕಡಿಯ ಮುಂದೆ ಈ ಪಟ್ಟಿಯನ್ನು ಮರೆಯುತ್ತಾರೆ.

ವರ್ತಕರನ್ನಷ್ಟೇ ದೂರುವುದು ನ್ಯಾಯವಲ್ಲ. 1994ರಲ್ಲಿ ನಾನು ಪರೀಕ್ಷಾ ಕಾರ್ಯಕ್ಕಾಗಿ ಸಹೋದ್ಯೋಗಿಯೊಬ್ಬರ ಸ್ಕೂಟರಿನಲ್ಲಿ ಹೋಗಿಬಂದು, ಬಸ್ಸಿನ ದರವೆಂದು 36 ರೂಪಾಯಿಗೆ ಭತ್ಯೆಯ ಬಿಲ್ಲು ಬರೆದೆನು. ಅಂದು ಚತುರ್ದಶಿ, ನಾನು ಉಪವಾಸದಲ್ಲಿದ್ದೆನು. ಸಂಜೆ ಬಸದಿಯ ಪಾಠಶಾಲೆಯಲ್ಲಿ ಮಕ್ಕಳಿಗೆ ಇವೇ ಐದು ಅತಿಚಾರಗಳನ್ನು ಬಾಯಿಪಾಠ ಮಾಡಿಸಿದೆನು. ಹುಡುಗನೊಬ್ಬ, "ಮೇಷ್ಟ್ರೇ, ಸರ್ಕಾರದ ಹಣ ಯಾರದು?" ಎಂದು ಕೇಳಿದನು. ಉತ್ತರವನ್ನು ಹೇಳಿಕೊಟ್ಟೆನು, ಹೇಳುವಾಗ ನಾಲಗೆ ತೊಡರಲಿಲ್ಲ.

ರಾತ್ರಿ ಮಾತ್ರ ನಿದ್ರೆ ಬರಲಿಲ್ಲ. ಇದು ಅತಿಚಾರ ಮಾತ್ರ, ಅನಾಚಾರವಲ್ಲವೆಂದು ಶಾಸ್ತ್ರದಿಂದಲೇ ಸಮಾಧಾನವನ್ನು ಹುಡುಕಿದೆನು. ಅತಿಚಾರವು ವ್ರತದ ಅಂಶಭಂಗ. ತಿಳಿದೂ ತಿಳಿದೂ ಮಾಡಿದ್ದಕ್ಕೆ ಆ ಹೆಸರು ಸಲ್ಲದೆಂಬುದು ನನಗೆ ಗೊತ್ತಿತ್ತು. ಓದಿದವನ ಮಾಯೆ ಹೀಗೆ ಪಾರಿಭಾಷಿಕ ಪದಗಳ ಮರೆಯಲ್ಲಿ ಅಡಗುತ್ತದೆ. ಮುಂದೆ ಪ್ರಾಯಶ್ಚಿತ್ತವೆಂದು ಎರಡು ಉಪವಾಸಗಳನ್ನು ಹೆಚ್ಚಾಗಿ ಮಾಡಿದೆನು. ನೆರೆಹೊರೆಯವರು ಅನುಮೋದಿಸಿದರು, ಕಾರಣವನ್ನು ಯಾರಿಗೂ ಹೇಳಲಿಲ್ಲ. ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಗುರುವಿನ ಮುಂದೆ ದೋಷವನ್ನು ಮರೆಮಾಚದೆ ನಿವೇದಿಸುವುದು. ಅದನ್ನು ಬಿಟ್ಟು ನೇರವಾಗಿ ತಪಸ್ಸಿಗೆ ಹಾರಿದ್ದೆನು. ಹಸಿವು ನನಗೆ ಸುಲಭವಾಗಿತ್ತು, ಒಪ್ಪಿಕೊಳ್ಳುವುದು ಕಷ್ಟವಾಗಿತ್ತು.

ತಿಂಗಳುಗಳ ಬಳಿಕ ಊರಿಗೆ ವಿಹಾರ ಬಂದ ಮುನಿಗಳೊಬ್ಬರಲ್ಲಿ ಎಲ್ಲವನ್ನೂ ನಿವೇದಿಸಿದೆನು. ಅವರು ಉಪವಾಸವನ್ನು ವಿಧಿಸಲಿಲ್ಲ. "ಆ ಹಣ ಈಗ ಎಲ್ಲಿದೆ?" ಎಂದಷ್ಟೇ ಕೇಳಿದರು. ಮರುದಿನ ಖಜಾನೆಗೆ ಚಲನ್ ಬರೆದು 36 ರೂಪಾಯಿ ಕಟ್ಟಿದೆನು. ಗುಮಾಸ್ತರು ಕಾರಣವನ್ನು ಕೇಳಿದರು, ಹೇಳಿದೆನು.