ಅಣುಸ್ಥಾವರ ನೋಡಲು ಹೊರಟಿರಾ? ಮೊದಲು ಹೆಸರಿನ ಪಟ್ಟಿ ಸರಿಮಾಡಿ

ನೋಯ್ಡಾದ ಕನ್ನಡಿಗರ ಮನೆಗೆ ಊರಿಂದ ನೆಂಟರು ಬಂದರೆ ಎಲ್ಲೆಲ್ಲಿಗೆ ಕರೆದೊಯ್ಯಬೇಕೆಂಬ ಯೋಚನೆಯೇ ಬೇಡ. ಕೆಂಪುಕೋಟೆ, ಅಕ್ಷರಧಾಮ, ಮಥುರೆ, ಆಗ್ರಾ ಇದ್ದೇ ಇವೆ. ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಯಲ್ಲಾದರೆ ಇನ್ನೊಂದು ಹೆಸರೂ ಬರುತ್ತದೆ: ನರೋರಾ. ಬುಲಂದ್‌ಶಹರ್ ಜಿಲ್ಲೆಯಲ್ಲಿ ಗಂಗೆಯ ದಡಕ್ಕಿರುವ ಅಣು ವಿದ್ಯುತ್ ಸ್ಥಾವರ ಅದು. ದೆಹಲಿಯಿಂದ ಸುಮಾರು 150 ಕಿ.ಮೀ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ರಾತ್ರಿ ಊಟಕ್ಕೆ ಮನೆ ಸೇರಬಹುದು. ದಾರಿ ಸಲೀಸು, ಗೇಟು ಮಾತ್ರ ಹಾಗಲ್ಲ.

ಒಮ್ಮೆ ಒಂದು ಸ್ಥಾವರದ ಭೇಟಿಗೆ ನಾನೇ ಪಟ್ಟಿ ಬರೆದಿದ್ದೆ. ಗೇಟಿನಲ್ಲಿ ಇಬ್ಬರು ಹೊರಗುಳಿದರು. ಒಬ್ಬರು ನಮ್ಮ ಭಾವ. ನನ್ನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಎರಡು ಇನಿಶಿಯಲ್ಲುಗಳಿದ್ದವು. ಆಧಾರಿನಲ್ಲಿ ಅವೇ ಇನಿಶಿಯಲ್ಲುಗಳು ಊರ ಹೆಸರು, ಅಪ್ಪನ ಹೆಸರಾಗಿ ಬಿಡಿಸಿಕೊಂಡು ಹಿಂದೆ ಹೋಗಿ ಕೂತಿದ್ದವು. ಜವಾನ ಪಟ್ಟಿ ನೋಡಿದ, ಕಾರ್ಡು ನೋಡಿದ, ಮತ್ತೆ ಪಟ್ಟಿ ನೋಡಿದ. 'ನಾಮ್ ಮ್ಯಾಚ್ ನಹೀ ಕರ್ ರಹಾ' ಅಂದ. ನಮ್ಮ ಕಡೆ ಹೆಸರಿಡುವ ಪದ್ಧತಿಯೇ ಹೀಗೆ ಎಂದು ಹಿಂದಿಯಲ್ಲಿ ಹತ್ತು ನಿಮಿಷ ವಿವರಿಸಿದೆ. ಆತ ಸಿಟ್ಟಾಗಲಿಲ್ಲ, ಒಪ್ಪಲೂ ಇಲ್ಲ. ಹೊರಗುಳಿದ ಇನ್ನೊಬ್ಬರು ನಮ್ಮ ಟೆಂಪೊ ಟ್ರಾವೆಲರ್‌ನ ಡ್ರೈವರ್. ಅವರ ಹೆಸರು ಪಟ್ಟಿಗೆ ಸೇರಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಎರಡೂ ನನ್ನದೇ ತಪ್ಪು. ಒಳಗೆ ಹೋಗುತ್ತೀರೋ ಇಲ್ಲವೋ ಎಂಬುದು ಗೇಟಿನಲ್ಲಲ್ಲ, ಮನೆಯಲ್ಲಿ ಪಟ್ಟಿ ಬರೆಯುವಾಗಲೇ ತೀರ್ಮಾನವಾಗಿರುತ್ತದೆಂದು ಅವತ್ತು ಗೊತ್ತಾಯಿತು.

ಇಷ್ಟು ಬಿಗಿ ಏಕೆ?

ನರೋರಾದಲ್ಲಿ 220 ಮೆಗಾವಾಟ್‌ನ ಎರಡು ಘಟಕಗಳಿವೆ. ಮೊದಲನೆಯದು 1991ರ ಜನವರಿಯಲ್ಲಿ, ಎರಡನೆಯದು 1992ರ ಜುಲೈಯಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ನಡೆಸುವುದು ಭಾರತೀಯ ಅಣು ವಿದ್ಯುತ್ ನಿಗಮ, ಅಂದರೆ ಎನ್‌ಪಿಸಿಐಎಲ್. 1987ರಲ್ಲಿ ಆ ನಿಗಮ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಬೆಂಗಳೂರಿನಲ್ಲಿ ಹುಟ್ಟಿದ ಎಂ.ಆರ್. ಶ್ರೀನಿವಾಸನ್. ಕಾವಲು ಸಿಐಎಸ್‌ಎಫ್‌ನದು. ದೆಹಲಿ ಮೆಟ್ರೊದಲ್ಲಿ ದಿನಾ ನಿಮ್ಮ ಬ್ಯಾಗು ತಪಾಸಣೆ ಮಾಡುವ ಪಡೆಯೇ ಇಲ್ಲೂ ನಿಂತಿರುತ್ತದೆ. ಆದರೆ ಮೆಟ್ರೊದ ಸಲುಗೆಯನ್ನು ಇಲ್ಲಿ ನಿರೀಕ್ಷಿಸಬೇಡಿ.

1962ರ ಪರಮಾಣು ಶಕ್ತಿ ಕಾಯ್ದೆಯ 19ನೇ ಕಲಂ 'ನಿಷೇಧಿತ ಪ್ರದೇಶ'ದ ವಿಷಯವನ್ನೇ ಹೇಳಿತು. ಅನುಮತಿಯಿಲ್ಲದೆ ಅಲ್ಲಿಗೆ ಹೋಗುವುದು, ನಿಲ್ಲುವುದು, ಫೋಟೊ ತೆಗೆಯುವುದು, ನಕ್ಷೆ ಬರೆಯುವುದು ಎಲ್ಲವನ್ನೂ ತಡೆಯುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಅದರ ಹಿಂದೆ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಬೇರೆ ಇದೆ. ಹೀಗಾಗಿ ಗೇಟಿನ ಜವಾನನಿಗೆ ನಿಮ್ಮ ಮೇಲೆ ಕನಿಕರ ಬಂದರೂ ಬಿಡುವ ಅಧಿಕಾರವಿಲ್ಲ. ಅವನ ಜೊತೆ ವಾದಕ್ಕಿಳಿಯುವುದು ಹೊತ್ತು ಹಾಳು.

ಬೇಲಿ ಒಂದೇ ಅಲ್ಲ. ನರೋರಾದಂಥ ಹಳೆಯ ಸ್ಥಾವರಗಳ ಸುತ್ತ 1.6 ಕಿ.ಮೀ.ವರೆಗೆ ಜನವಸತಿಯೇ ಇರಕೂಡದು. ಅದರೊಳಗೆ ಕಾರ್ಯಾಗಾರ, ಕಚೇರಿಗಳ ಆವರಣ. ಅದರೊಳಗೆ ರಿಯಾಕ್ಟರು, ಟರ್ಬೈನುಗಳ ಮುಖ್ಯ ಕಟ್ಟಡ. ಅದರೊಳಗೆ ವಿಕಿರಣದ ವಲಯಗಳು. ಒಳಗೆ ಹೋದಂತೆಲ್ಲ ತಪಾಸಣೆ ಹೆಚ್ಚು, ಪ್ರವೇಶ ಕಡಿಮೆ. ನಿಮ್ಮ ಪಾಸ್ ಯಾವ ಬೇಲಿಯವರೆಗೆ ಎಂದು ಅದರಲ್ಲೇ ಬರೆದಿರುತ್ತದೆ. ಮೊದಲ ಗೇಟು ದಾಟಿದರೆ ಎಲ್ಲವನ್ನೂ ನೋಡಬಹುದು ಎಂದುಕೊಂಡು ಹೋದವರು ಪೆಚ್ಚುಮೋರೆ ಹಾಕಿಕೊಂಡು ಬಂದದ್ದನ್ನು ನೋಡಿದ್ದೇನೆ.

ಅರ್ಜಿ ಹೀಗಿರಲಿ

ಮನೆಮಂದಿ ಕಾರಿನಲ್ಲಿ ಹೋಗಿ 'ಸ್ವಲ್ಪ ತೋರಿಸಿ' ಅಂದರೆ ಆಗುವುದಿಲ್ಲ. ಶಾಲೆ, ಕಾಲೇಜು, ನೋಂದಾಯಿತ ಸಂಘ ಅಥವಾ ಕಂಪನಿಯ ಮೂಲಕ ಗುಂಪಾಗಿ ಕೇಳುವುದು ಒಳ್ಳೆಯದು. ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಸ್ಥಾವರದ ನಿರ್ದೇಶಕರ ಹೆಸರಿಗೆ ಪತ್ರ ಬರೆಯಿರಿ. ಏಕೆ ಬರುತ್ತೀರಿ, ಎಷ್ಟು ಜನ, ಯಾರ ಹೊಣೆ ಎಂಬುದು ಮೊದಲ ಪ್ಯಾರಾದಲ್ಲೇ ಇರಲಿ. ಒಂದೇ ದಿನಾಂಕಕ್ಕೆ ಅಂಟಿಕೊಳ್ಳದೆ ಎರಡು ಮೂರು ದಿನಾಂಕ ಕೊಡಿ. ವಾರಗಟ್ಟಲೆ ಮುಂಚೆ ಕಳಿಸಿ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನಾಚರಣೆಯ ಆಸುಪಾಸಿನ ದಿನಗಳನ್ನು ಕೇಳಲೇಬೇಡಿ.

ಪಟ್ಟಿಗೆ ಬನ್ನಿ. ಪ್ರತಿಯೊಬ್ಬರ ಹೆಸರನ್ನೂ ಗುರುತಿನ ಚೀಟಿಯನ್ನು ಪಕ್ಕಕ್ಕಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ನೋಡಿ ಬರೆಯಿರಿ. ಮನೆಯಲ್ಲಿ ಕರೆಯುವ ಹೆಸರು ಬೇಡ, ಮದುವೆಯ ನಂತರ ಬದಲಾದರೂ ಕಾರ್ಡಿಗೆ ಏರದ ಹೆಸರು ಬೇಡ. ಉತ್ತರದ ಅರ್ಜಿಗಳಲ್ಲಿ 'ಸರ್‌ನೇಮ್' ಎಂಬ ಕಲಂ ಇದ್ದೇ ಇರುತ್ತದೆ. ಅಲ್ಲಿ ಏನೋ ಒಂದು ತುಂಬಿಸುವ ಬದಲು ಕಾರ್ಡಿನಲ್ಲಿ ಕೊನೆಗಿರುವ ಪದವನ್ನೇ ಹಾಕಿ. ಯಾವ ಚೀಟಿಯ ಸಂಖ್ಯೆ ಕೊಟ್ಟಿದ್ದೀರೋ ಅದರ ಮೂಲಪ್ರತಿಯನ್ನೇ ಅವತ್ತು ತನ್ನಿ. ಆಧಾರ್ ಸಂಖ್ಯೆ ಕೊಟ್ಟು ಡ್ರೈವಿಂಗ್ ಲೈಸೆನ್ಸ್ ತೋರಿಸಿದರೆ ಮತ್ತೆ ಅದೇ ರಾಮಾಯಣ. ವಾಹನದ ನಂಬರು, ಡ್ರೈವರ್ ಹೆಸರು, ಅವರ ಲೈಸೆನ್ಸ್ ವಿವರ ಪಟ್ಟಿಯ ಕೊನೆಗಲ್ಲ, ಮೊದಲಿಗೇ ಬರಲಿ.

ಅಮೆರಿಕದಿಂದ ರಜೆಗೆ ಬಂದ ಮಗಳು, ಅಳಿಯ, ಮೊಮ್ಮಕ್ಕಳನ್ನೂ ಸೇರಿಸಿಕೊಳ್ಳೋಣ ಎನ್ನಿಸುವುದು ಸಹಜ. ಒಸಿಐ ಕಾರ್ಡ್ ಇದ್ದವರು ನಿಷೇಧಿತ ಪ್ರದೇಶಗಳಿಗೆ ಹೋಗಲು ವಿಶೇಷ ಅನುಮತಿ ಬೇಕೆಂದು ಕೇಂದ್ರ ಗೃಹ ಸಚಿವಾಲಯ 2021ರ ಮಾರ್ಚ್‌ನಲ್ಲಿ ಸ್ಪಷ್ಟವಾಗಿ ಅಧಿಸೂಚನೆ ಹೊರಡಿಸಿದೆ. ವಿದೇಶಿ ಪಾಸ್‌ಪೋರ್ಟಿನವರ ಹೆಸರನ್ನು ಗುಂಪಿನ ಪಟ್ಟಿಯಲ್ಲಿ ತೂರಿಸಿದರೆ ಇಡೀ ಗುಂಪಿನ ಕಡತ ನಿಂತುಹೋಗಬಹುದು. ಅವರನ್ನು ಆಗ್ರಾಕ್ಕೆ ಕರೆದೊಯ್ಯಿರಿ.

ನೋಡಲು ಹೋಗುವವರ ಕಥೆ ಇದು. ಗುತ್ತಿಗೆ ಕೆಲಸಕ್ಕೆ, ಯಂತ್ರ ಜೋಡಿಸಲು, ತರಬೇತಿಗೆ ಹೋಗುವವರಿಗೆ ಪೊಲೀಸ್ ಪರಿಶೀಲನಾ ಪತ್ರ ಬೇಕಾಗುತ್ತದೆ. ಇಲ್ಲಿ ನಮ್ಮವರು ಎಡವುವುದು ವಿಳಾಸದಲ್ಲಿ. ವಾಸ ನೋಯ್ಡಾದ ಬಾಡಿಗೆ ಫ್ಲ್ಯಾಟಿನಲ್ಲಿ, ಕಾಯಂ ವಿಳಾಸ ಹಾಸನದಲ್ಲೋ ಶಿರಸಿಯಲ್ಲೋ. ಯಾವ ಠಾಣೆಯ ಪತ್ರ ಬೇಕೆಂದು ಮೊದಲೇ ಲಿಖಿತವಾಗಿ ಕೇಳಿ. ಕರ್ನಾಟಕದ ಠಾಣೆಯದಾದರೆ ಸೇವಾ ಸಿಂಧು ಮೂಲಕ, ಉತ್ತರ ಪ್ರದೇಶದ್ದಾದರೆ ಯುಪಿಕಾಪ್ ಆ್ಯಪ್ ಮೂಲಕ ಅರ್ಜಿ ಹಾಕಬಹುದು. ಊರಿನ ಠಾಣೆಯವರು ಮನೆಬಾಗಿಲಿಗೆ ಬಂದಾಗ ಅಲ್ಲಿ ಉತ್ತರ ಹೇಳುವವರೊಬ್ಬರು ಇರಬೇಕು. ಅಮ್ಮನಿಗೆ ಮೊದಲೇ ಫೋನ್ ಮಾಡಿ ಹೇಳಿಡಿ, ಪೊಲೀಸರನ್ನು ಕಂಡು ಅವರು ಗಾಬರಿಯಾಗಬಾರದು.

ಹೊರಡುವ ಹಿಂದಿನ ರಾತ್ರಿ

ಜೇಬು ಖಾಲಿ ಮಾಡಿ. ಮೊಬೈಲು, ಕ್ಯಾಮೆರಾ, ಸ್ಮಾರ್ಟ್ ವಾಚು, ಪೆನ್‌ಡ್ರೈವ್, ಪವರ್ ಬ್ಯಾಂಕ್, ಬೆಂಕಿಪೊಟ್ಟಣ, ಸಿಗರೇಟು ಯಾವುದೂ ಒಳಗೆ ಹೋಗುವುದಿಲ್ಲ. ಅಜ್ಜನ ಎಲೆಅಡಿಕೆ ಡಬ್ಬಿಯೂ ಹೋಗುವುದಿಲ್ಲ, ಅದರೊಳಗಿನ ಅಡಕತ್ತರಿಯಂತೂ ಇಲ್ಲವೇ ಇಲ್ಲ. ಎಲ್ಲವನ್ನೂ ವಾಹನದಲ್ಲೇ ಬಿಡಿ.

ಪೆನ್‌ಡ್ರೈವ್ ಎಂದರೆ ಏಕಿಷ್ಟು ಹೆದರಿಕೆ ಎಂದು ಕೇಳಬಹುದು. 2019ರ ಸೆಪ್ಟೆಂಬರ್‌ನಲ್ಲಿ ಕೂಡಂಕುಳಂ ಸ್ಥಾವರದ ಆಡಳಿತ ಕೆಲಸದ ಕಂಪ್ಯೂಟರೊಂದರಲ್ಲಿ ಕುತಂತ್ರಾಂಶ ಸಿಕ್ಕಿತು. ರಿಯಾಕ್ಟರು ನಡೆಸುವ ಜಾಲಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಿಗಮ ಅಕ್ಟೋಬರ್ 30ರಂದು ಹೇಳಿಕೆ ಕೊಟ್ಟಿತು. ಕಚೇರಿಯ ಮೇಜಿನವರೆಗೆ ಬಂದದ್ದು ಒಳಗಿನ ಜಾಲಕ್ಕೂ ದಾಟಬಾರದೆಂಬುದೇ ಈ ನಿಯಮದ ತಿರುಳು.

ಸೀರೆ, ದುಪಟ್ಟಾ, ಪಂಚೆ ಬೇಡ. ಟರ್ಬೈನ್ ಹಾಲ್‌ನಲ್ಲಿ ಕಬ್ಬಿಣದ ಜಾಲರಿ ಮೆಟ್ಟಿಲುಗಳಿರುತ್ತವೆ, ಸೆರಗು ಹಿಡಿದುಕೊಂಡು ಹತ್ತಲಾಗದು. ಮುಚ್ಚಿದ ಶೂ ಇರಲಿ. ಹೆಲ್ಮೆಟ್ ಅವರೇ ಕೊಡುತ್ತಾರೆ. ಅಲ್ಲಿನ ಸದ್ದು ಎಷ್ಟೆಂದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ, ಕಿವಿಗೆ ತುರುಕುವ ಪ್ಲಗ್ ಕೊಟ್ಟರೆ ಬೇಡವೆನ್ನಬೇಡಿ.

ಯಾರೂ ಹೇಳದ, ಆದರೆ ನಾನು ಒತ್ತಿ ಹೇಳಬೇಕೆಂದಿರುವ ಮಾತೊಂದಿದೆ. ಗುಂಪಿನಲ್ಲಿ ಯಾರಾದರೂ ಇತ್ತೀಚೆಗೆ ಆಸ್ಪತ್ರೆಯಲ್ಲಿ ಹೃದಯದ ಥಾಲಿಯಂ ಪರೀಕ್ಷೆ, ಮೂಳೆಯ ಸ್ಕ್ಯಾನು ಮಾಡಿಸಿಕೊಂಡಿದ್ದಾರೆಯೇ? ಥೈರಾಯ್ಡ್‌ಗೆ ರೇಡಿಯೊ ಅಯೋಡಿನ್ ತೆಗೆದುಕೊಂಡಿದ್ದಾರೆಯೇ? ಹಾಗಿದ್ದರೆ ಸ್ಥಾವರದ ವಿಕಿರಣಮಾಪಕ ಅವರನ್ನು ಕಂಡು ಕೂಗಿಕೊಳ್ಳುತ್ತದೆ. ಮೂಳೆ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ ಆರು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ, ನಾಲ್ಕೈದು ದಿನದಲ್ಲಿ ಚಿಂತೆಯಿಲ್ಲ. ಥಾಲಿಯಂಗೆ ಮೂರು ದಿನ, ಅಯೋಡಿನ್ 131ಕ್ಕೆ ಎಂಟು ದಿನ ಬೇಕು ಅರ್ಧವಾಗಲು. ಅಂದರೆ ಅಯೋಡಿನ್ ತೆಗೆದುಕೊಂಡವರ ಮೈಯಲ್ಲಿ ವಾರಗಳವರೆಗೂ ಅದರ ಸುಳಿವು ಉಳಿದಿರುತ್ತದೆ. ವಯಸ್ಸಾದ ತಂದೆತಾಯಿ ಎಷ್ಟೋ ಸಲ ಚಿಕಿತ್ಸೆಗೆಂದೇ ದೆಹಲಿಗೆ ಬಂದಿರುತ್ತಾರೆ. ಆಸ್ಪತ್ರೆಯ ಚೀಟಿಯನ್ನು ಜೊತೆಗಿಟ್ಟುಕೊಂಡು ಮೊದಲೇ ತಿಳಿಸಿ, ಇಲ್ಲವೇ ಭೇಟಿಯನ್ನೇ ಮುಂದೂಡಿ.

ಹದಿನೆಂಟು ತುಂಬದವರನ್ನು, ಗರ್ಭಿಣಿಯರನ್ನು ವಿಕಿರಣದ ವಲಯಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಇದನ್ನು ಅವಮಾನವೆಂದು ತಿಳಿಯಬೇಡಿ.

ಒಳಗೆ ಹೋದ ಮೇಲೆ

ಪಾಸನ್ನು ಎದೆಯ ಮೇಲೆ ಕಾಣುವಂತೆ ಹಾಕಿಕೊಳ್ಳಿ. ತಿರುಗುಗೇಟಿನಲ್ಲಿ ಒಬ್ಬೊಬ್ಬರೇ ಹೋಗಿ. ಮುಂದಿನವರ ಬೆನ್ನಿಗಂಟಿಕೊಂಡು ನುಸುಳಿದರೆ ಒಳಗೆಷ್ಟು ಜನರಿದ್ದಾರೆಂಬ ಲೆಕ್ಕ ತಪ್ಪುತ್ತದೆ. ತುರ್ತು ಸಂದರ್ಭದಲ್ಲಿ ಆ ಲೆಕ್ಕದ ಮೇಲೇ ನಿಮ್ಮನ್ನು ಹುಡುಕುವುದು. ಜೊತೆಗೆ ಬರುವ ಅಧಿಕಾರಿಯನ್ನು ಬಿಟ್ಟು ಹತ್ತು ಹೆಜ್ಜೆಯೂ ಆಚೀಚೆ ಹೋಗಬೇಡಿ, ಶೌಚಾಲಯಕ್ಕೆ ಹೋಗಬೇಕಾದರೂ ಹೇಳಿ ಹೋಗಿ. ಸೈರನ್ ಮೊಳಗಿದರೆ ಓಡಬಾರದು. ಅಧಿಕಾರಿ ಹೇಳಿದ ಕಡೆ ಸೇರಿ, ತಲೆ ಎಣಿಸುವವರೆಗೆ ನಿಲ್ಲಬೇಕು.

ವಿಕಿರಣದ ವಲಯಕ್ಕೆ ಅನುಮತಿ ಇದ್ದರೆ ಡೋಸಿಮೀಟರ್ ಕೊಡುತ್ತಾರೆ. ಹೋಗುವಾಗ ಎಷ್ಟಿತ್ತು, ಬರುವಾಗ ಎಷ್ಟಾಯಿತು ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಸಾರ್ವಜನಿಕರಿಗೆ ವರ್ಷಕ್ಕೆ ಒಂದು ಮಿಲಿಸೀವರ್ಟ್ ಮಿತಿ. ಸಂದರ್ಶಕರ ಓದು ಅದರ ಹತ್ತಿರಕ್ಕೂ ಹೋಗುವುದಿಲ್ಲ, ಆದರೂ ಅಂಕಿಯನ್ನು ನೀವೇ ಓದಿ ನೋಡಿ. ಹಳದಿ ಗೆರೆ ದಾಟುವಲ್ಲಿ ಶೂ ಮೇಲೆ ಹೊದಿಕೆ ಹಾಕಿಸುತ್ತಾರೆ. ಬರುವಾಗ ಅದನ್ನು ಗೆರೆಯ ಒಳಗೇ ಕಳಚಿ, ಬರಿ ಶೂನ ಕಾಲನ್ನು ಹೊರಗಿಡಬೇಕು. ಇದಕ್ಕೆ ಸ್ವಲ್ಪ ಸಮತೋಲನ ಬೇಕು, ನನ್ನ ವಯಸ್ಸಿನವರು ಗೋಡೆ ಹಿಡಿಯಲು ಹೋಗುತ್ತಾರೆ. ಗೋಡೆ ಮುಟ್ಟಬೇಡಿ, ಬೆಂಚು ಕೇಳಿ.

ಒಳಗೆ ತಿನ್ನಬಾರದು, ಕುಡಿಯಬಾರದು. ಈ ನಿಯಮ ಬರಿಯ ಶಿಸ್ತಿನ ಮಾತಲ್ಲ ಎಂಬುದಕ್ಕೆ ನಮ್ಮ ಕೈಗಾವೇ ಸಾಕ್ಷಿ. 2009ರ ನವೆಂಬರ್‌ನಲ್ಲಿ ಅಲ್ಲಿನ ಸಿಬ್ಬಂದಿಯ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಅಂಶ ಹೆಚ್ಚು ಕಂಡಿತು. ಹುಡುಕಿದಾಗ ತಿಳಿದದ್ದು ಇದು: ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಬೆರೆತ ಭಾರಜಲವನ್ನು ಸುರಿದಿದ್ದರು. ಐವತ್ತಕ್ಕೂ ಹೆಚ್ಚು ಜನ ಆ ನೀರು ಕುಡಿದಿದ್ದರು. ಬೇಲಿ ಹಾರಿ ಬಂದವರ ಕೆಲಸವಲ್ಲ, ಒಳಗಿನವರದೇ. 2014ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ಡೋಲ್ ಸ್ಥಾವರದಲ್ಲಿ ಟರ್ಬೈನಿನ ಎಣ್ಣೆಯನ್ನು ಬೇಕೆಂದೇ ಬಸಿದು ಯಂತ್ರ ಕೆಡಿಸಿದಾಗಲೂ ಅನುಮಾನ ಒಳಗಿನವರ ಮೇಲೇ ಹೋಯಿತು. ಆದ್ದರಿಂದಲೇ ಇಪ್ಪತ್ತು ವರ್ಷ ಅಲ್ಲೇ ದುಡಿದ ಎಂಜಿನಿಯರೂ ನಿಮ್ಮ ಹಿಂದೆ ಸಾಲಿನಲ್ಲಿ ನಿಂತು ತಪಾಸಣೆಗೆ ಕೈ ಎತ್ತುತ್ತಾರೆ. ಅದನ್ನು ಕಂಡ ಮೇಲೂ ನಮ್ಮನ್ನು ಅನುಮಾನಿಸಿದರೆಂದು ಮುನಿಸಿಕೊಳ್ಳುವುದು ಸಣ್ಣತನ.

ಪ್ರಶ್ನೆ ಕೇಳಲು ಅಂಜಬೇಡಿ. 1993ರ ಮಾರ್ಚ್ 31ರ ಬೆಂಕಿ ಅನಾಹುತದ ಬಗ್ಗೆಯೂ ಕೇಳಿ. ಅವತ್ತು ನರೋರಾದಲ್ಲಿ ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹತ್ತಿ, ಘಟಕ 17 ಗಂಟೆ ವಿದ್ಯುತ್ತಿಲ್ಲದೆ ಇತ್ತು. ಇದು ಬಹಿರಂಗ ಇತಿಹಾಸ. ಆದರೆ ಕಾವಲುಗಾರರು ಎಷ್ಟು, ಪಾಳಿ ಯಾವಾಗ ಬದಲು, ಕ್ಯಾಮೆರಾ ಎಲ್ಲಿ ಎಂದು ತಮಾಷೆಗೂ ಕೇಳಬೇಡಿ. ಬಾಂಬಿನ ಹಾಸ್ಯವನ್ನು ವಿಮಾನ ನಿಲ್ದಾಣದಲ್ಲಿ ಮಾಡಬಾರದಲ್ಲ, ಹಾಗೆಯೇ ಇದು.

ಹೊರಬರುವಾಗ ಮಾಪಕದ ಮುಂದೆ ಕೈಕಾಲು ಇಟ್ಟು ನಿಂತು ಹಸಿರು ದೀಪ ಬಂದ ಮೇಲೆಯೇ ಹೆಜ್ಜೆ ತೆಗೆಯಿರಿ. ಡೋಸಿಮೀಟರನ್ನು, ಪಾಸನ್ನು ಹಿಂತಿರುಗಿಸಿ. ಪಾಸಿನ ಮೇಲೆ ಭೇಟಿಯಾದ ಅಧಿಕಾರಿಯ ಸಹಿ ಬೇಕೆಂದಿದ್ದರೆ ಒಳಗಿರುವಾಗಲೇ ಹಾಕಿಸಿಕೊಳ್ಳಿ. ಸಹಿಯಿಲ್ಲದೆ ಗೇಟಿಗೆ ಬಂದರೆ ಮತ್ತೆ ಒಳಗೆ ಹೋಗಲು ಹೊಸ ಪಾಸ್ ಬೇಕಾದೀತು.

ಗೇಟು ದಾಟಿದ ಮೇಲೂ ಮೊಬೈಲನ್ನು ಸ್ಥಾವರದ ಕಡೆ ತಿರುಗಿಸಬೇಡಿ. ನರೋರಾದ ಎತ್ತರದ ಶೀತಲ ಗೋಪುರಗಳು ದೂರದಿಂದಲೇ ಕಾಣುತ್ತವೆ, ಸೆಲ್ಫಿಗೆ ಕೈ ತುರಿಸುತ್ತದೆ. ಡ್ರೋನಿನ ಮಾತಂತೂ ಎತ್ತಲೇಬೇಡಿ. ಫೋಟೊ ಬೇಕೆಂದರೆ ಗಂಗೆ ಇದೆ. ಬ್ರಿಜ್‌ಘಾಟ್‌ನಿಂದ ನರೋರಾವರೆಗಿನ ಹರಿವು 2005ರಿಂದ ರಾಮ್ಸರ್ ತಾಣ, ಅದೃಷ್ಟವಿದ್ದರೆ ಡಾಲ್ಫಿನ್ ಮುಳುಗೇಳುವುದು ಕಂಡೀತು. ಕ್ಯಾಮೆರಾ ನೀರಿನ ಕಡೆಗಿರಲಿ, ಅಷ್ಟೆ.

ಅನುಮತಿ ಸಿಗದಿದ್ದರೆ, ಅಥವಾ ಮಕ್ಕಳು ಚಿಕ್ಕವರಾದರೆ, ನೋಯ್ಡಾದಿಂದ ನೀಲಿ ಮಾರ್ಗದ ಮೆಟ್ರೊ ಹತ್ತಿ ಸುಪ್ರೀಂ ಕೋರ್ಟ್ ನಿಲ್ದಾಣದಲ್ಲಿ ಇಳಿಯಿರಿ. ಹಿಂದೆ ಪ್ರಗತಿ ಮೈದಾನ ಎನ್ನುತ್ತಿದ್ದದ್ದು ಅದನ್ನೇ. ಹತ್ತಿರದ ರಾಷ್ಟ್ರೀಯ ವಿಜ್ಞಾನ ಕೇಂದ್ರದಲ್ಲಿ ಅಣು ವಿದ್ಯುತ್ತಿಗೆಂದೇ ಒಂದು ಸಭಾಂಗಣವಿದೆ. ಅಲ್ಲಿಗೆ ಹೆಸರಿನ ಪಟ್ಟಿ ಕಳಿಸಬೇಕಿಲ್ಲ, ಟಿಕೆಟ್ ತೆಗೆದುಕೊಂಡರೆ ಸಾಕು.