ಮುಂಗಡವೂ ಕಾಯಕವೂ

ನಂದಿದುರ್ಗ, ಬಂಗಾರಪೇಟೆಗಳ ಮನೆಗಳಲ್ಲಿ ವಿವಾಹವು ನೆರವೇರಿ ತಿಂಗಳುಗಳು ಕಳೆದರೂ ಛಾಯಾಚಿತ್ರಗಳು ಕೈಸೇರದಿರುವುದುಂಟು. ಮುಂಗಡ ಪಡೆದ ಛಾಯಾಗ್ರಾಹಕನು ನಾಳೆ ನಾಳೆ ಎನ್ನುತ್ತಿರುವನು. ಗೃಹಸ್ಥನು ಸಂಕೋಚದಿಂದ ಸುಮ್ಮನಿರುವನು. ಇದು ಸಹನೆಯೆ? ಶರಣಧರ್ಮವು ಹಾಗೆನ್ನದು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಕಳುಹಿದಳು. ಆಯ್ದು ತಂದ ಅಕ್ಕಿಯೇ ಅಗತ್ಯಕ್ಕೆ ಮೀರಿದರೆ ಮನೆಗೆ ಸಲ್ಲದೆಂದ ಮೇಲೆ, ಮುಗಿಸದ ಕೆಲಸದ ಹಣವು ಸಲ್ಲುವುದೆಂತು? ಆದುದರಿಂದ ಕೇಳುವುದರಲ್ಲಿ ದೋಷವಿಲ್ಲ. ಬೈಗುಳ ಮಾತ್ರ ಬೇಡ.

ಮೊದಲು ರಸೀದಿಯನ್ನೂ ಮಾತುಕತೆಯ ಬರಹಗಳನ್ನೂ ಕೂಡಿಟ್ಟು, ಗಡುವನ್ನು ನಮೂದಿಸಿದ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಬೇಕು. ಮೂಲಚಿತ್ರಗಳನ್ನು ಅಳಿಸದಿರುವಂತೆ ಅದರಲ್ಲಿಯೇ ಬರೆಯತಕ್ಕದ್ದು. ಹಣವು ಮರಳೀತು, ಹರಸಿದ ಹಿರಿಯರ ಮುಖವು ಅಳಿದರೆ ಮರಳದು. ಫಲಿಸದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ, ದೂರಿನ ಕಾರಣವು ಹುಟ್ಟಿದ 2 ವರ್ಷಗಳೊಳಗೆ, ದೂರನ್ನು ಸಲ್ಲಿಸಬಹುದು. ಕೊಟ್ಟ ಹಣವು 5 ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಶುಲ್ಕವಿಲ್ಲ. ಛಾಯಾಗ್ರಾಹಕನು ಬೆಂಗಳೂರಿನವನಾದರೂ, ದೂರುವವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರಬಹುದು.